ಹೆಂಡತಿ ಹೇಳದ ಸುದ್ದಿ

“ಅದನ್ನೆಲ್ಲ ಹೇಳೋ ಹಾಗಿಲ್ಲ ರೀ,” ಎಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ.

“ಹೇಳೋ ಹಾಗಿಲ್ಲ ಅಂದ್ರೆ? ನಾನೇನು ಪೇಪರಿನವನಾ?”

“ಯಾರಾದ್ರೂ ಅಷ್ಟೇ. ಸೇರೋವಾಗ್ಲೇ ಬಾಯಿಗೆ ಬೀಗ ಹಾಕಿ ಕೂರ್ಸಿದಾರೆ.”

“ಸುಮ್ನಿರಪ್ಪ,” ಎಂದು ಮಗಳು ನಡುವೆ ಬಾಯಿ ಹಾಕಿದಳು. “ಅಮ್ಮನ ಆಫೀಸಲ್ಲಿ ಫ್ಯಾನು ತಿರುಗುತ್ತಾ ಇಲ್ವಾ ಅನ್ನೋದೂ ಗುಟ್ಟು.”

ತಾಯಿ ಮಗಳು ಇಬ್ಬರೂ ನಕ್ಕರು. ಅವನು ನಗಲಿಲ್ಲ. ಕೈ ತೊಳೆಯಲು ಎದ್ದವನು ನಲ್ಲಿಯನ್ನು ಬೇಕಾದ್ದಕ್ಕಿಂತ ಜೋರಾಗಿ ತಿರುಗಿಸಿ ಅಂಗಿ ಒದ್ದೆ ಮಾಡಿಕೊಂಡ.

ಆ ಮನೆಯಲ್ಲಿ ಊಟದ ಹೊತ್ತಿಗೆ ಮಾತಿಗೆ ಬರ ಬಂದದ್ದೇ ಇರಲಿಲ್ಲ. ಅವನು ಆಂಬುಲೆನ್ಸ್ ಡ್ರೈವರು. ಅವಳು ಅದೇ ಗಾಡಿಯ ಹಿಂಭಾಗದಲ್ಲಿ ರೋಗಿಯ ಪಕ್ಕ ಕೂತು ಚಿಕಿತ್ಸೆ ಕೊಡುವವಳು. ಇಬ್ಬರ ನಡುವೆ ಒಂದು ಜಾರುಕಿಟಕಿ, ಒಂದು ಮುಖ ಹಿಡಿಸುವಷ್ಟು ಅಗಲದ್ದು. ಅವರ ಮದುವೆ ಕೂಡ ಆ ಕಿಟಕಿಯಲ್ಲೇ ಕುದುರಿತೆಂದು ಸ್ಟ್ಯಾಂಡಿನವರು ತಮಾಷೆ ಮಾಡುತ್ತಿದ್ದರು. ಗಾಡಿಯಲ್ಲಿ ಬಿಟ್ಟ ಮಾತು ಮನೆಯಲ್ಲಿ ಮುಂದುವರಿಯುತ್ತಿತ್ತು. ಯಾರು ಉಳಿದರು, ಯಾರು ಉಳಿಯಲಿಲ್ಲ, ಯಾವ ಮುದುಕ ಸ್ಟ್ರೆಚರಿನ ಮೇಲೆ ಮಲಗಿಯೂ “ಎಡಕ್ಕೆ ತಗೋ, ಬಲಕ್ಕೆ ಗುಂಡಿ ಇದೆ” ಎಂದು ದಾರಿ ಹೇಳುತ್ತಿದ್ದ, ಎಲ್ಲವೂ. ಮಗಳು ಈ ಮಾತುಗಳನ್ನೇ ಕಥೆಯೆಂದು ಕೇಳಿಕೊಂಡು ಬೆಳೆದಿದ್ದಳು.

ಲಿಫ್ಟಿಲ್ಲದ ಕಟ್ಟಡವೊಂದರಿಂದ ಭಾರಿ ಆಳೊಬ್ಬನನ್ನು ಇಳಿಸುವಾಗ ಅವಳ ಸೊಂಟ ಹಿಡಿದುಕೊಂಡಿತು. ಇನ್ನು ಭಾರ ಎತ್ತಕೂಡದು ಎಂದರು ವೈದ್ಯರು. ಅದೇ ಸಮಯಕ್ಕೆ ಪೊಲೀಸ್ ಕಚೇರಿಯ ಮೇಲಿನ ಮಹಡಿಯಲ್ಲಿ ಅಪರಾಧ ವಿಶ್ಲೇಷಣೆಯ ವಿಭಾಗ ಶುರುವಾಗಿತ್ತು. ಎಲ್ಲಿ, ಯಾವ ಹೊತ್ತಿನಲ್ಲಿ, ಎಂಥ ಅಪರಾಧ ನಡೆಯುತ್ತಿದೆ ಎಂದು ಒಂದಕ್ಕೊಂದು ಕೂಡಿಸಿ ನೋಡಿ, ಮುಂದೆ ಎಲ್ಲಿ ಕೈ ಹಾಕಬೇಕೆಂದು ಹೇಳುವ ಕೆಲಸ. ಬೀದಿಯ ಅನುಭವ ಇದ್ದವರು ಬೇಕೆಂದಿದ್ದರು. ಸಂದರ್ಶನಕ್ಕೆ ಅವನೇ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದ.

ಸಂದರ್ಶನದಲ್ಲಿ ಅವಳು ಹೇಳಿದ್ದು ಸುಟ್ಟಗಾಯಗಳ ವಿಷಯ. ಗಾಡಿಗೆ ಆಗಾಗ ಒಂದೇ ಥರದ ರೋಗಿಗಳು ಸಿಗುತ್ತಿದ್ದರು: ಮುಂಗೈ ತುಂಬ ಕಿಡಿ ಸಿಡಿದ ಚುಕ್ಕೆಗಳು, ಗ್ಯಾಸ್ ಕಟರ್ ಹಿಡಿದು ಕಬ್ಬಿಣ ಕತ್ತರಿಸುವವರಿಗೆ ಆಗುವಂಥವು. ಒಬ್ಬನೂ ಕೆಲಸದ ಜಾಗದಿಂದ ಫೋನ್ ಮಾಡಿದವನಲ್ಲ. ಹೆದ್ದಾರಿಯ ಅಂಚಿಗೆ ನಡೆದು ಬಂದು ಕೂತಿರುತ್ತಿದ್ದರು. ಕೇಳಿದರೆ ಅಡುಗೆಮನೆಯ ಒಲೆ ಸಿಡಿಯಿತು ಎನ್ನುತ್ತಿದ್ದರು. “ಊರಿನ ಗಂಡಸರೆಲ್ಲ ಇದ್ದಕ್ಕಿದ್ದ ಹಾಗೆ ಅಡುಗೆಗೆ ನಿಂತುಬಿಟ್ರಲ್ಲ ರೀ!” ಎಂದು ಅವಳು ಜಾರುಕಿಟಕಿಯಲ್ಲಿ ನಕ್ಕಿದ್ದಳು. ಹೆದ್ದಾರಿಯ ಆ ಜಾಗದ ಬೆನ್ನಿಗೇ ಗುಜರಿ ಗಲ್ಲಿ ಇದೆಯೆಂದು ತೋರಿಸಿದವನು ಅವನು. ಕದ್ದ ಬೈಕುಗಳನ್ನು ಅಲ್ಲಿ ಬಿಡಿಬಿಡಿ ಮಾಡಿ ಮಾರುತ್ತಿದ್ದಾರೆಂದು ಇಬ್ಬರೂ ಸೇರಿ ಲೆಕ್ಕ ಹಾಕಿದ್ದರು.

ಅವಳಿಗೆ ಕೆಲಸ ಸಿಕ್ಕ ದಿನ ಎಲ್ಲರಿಗಿಂತ ಹೆಚ್ಚು ಕುಣಿದವನೂ ಅವನೇ. ಕುರ್ಚಿಯ ಕೆಲಸ, ಸೊಂಟಕ್ಕೆ ಒಳ್ಳೆಯದು ಎಂದುಕೊಂಡಿದ್ದ. ಆ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಇರುತ್ತದೆಂದು ಯೋಚಿಸಿರಲಿಲ್ಲ.

ಆ ಇನ್ನೊಂದು ಕುರ್ಚಿಯಲ್ಲಿ ಕೂರುವವನು ಅವಳು ಹೇಳಿದ್ದನ್ನೆಲ್ಲ ಕಂಪ್ಯೂಟರಿನ ನಕ್ಷೆಯ ಮೇಲೆ ಗುರುತು ಹಾಕುವವನು. ಅವನ ಬಗ್ಗೆ ಅವಳು ಮನೆಯಲ್ಲಿ ಹೇಳಿದ್ದು ಇಷ್ಟೇ. ಇಷ್ಟಕ್ಕೇ ಡ್ರೈವರು ಅವನಿಗೆ ನಕ್ಷೆರಾಯ ಎಂದು ಹೆಸರಿಟ್ಟು, ಮನಸ್ಸಿನಲ್ಲಿ ಎತ್ತರದ ಮೈಕಟ್ಟು, ಇಸ್ತ್ರಿಯ ಅಂಗಿ ಎಲ್ಲ ತೊಡಿಸಿದ್ದ. ಒಂದು ಸಂಜೆ ಅವಳನ್ನು ಕರೆತರಲು ಹೋದಾಗ ಗೇಟಿನ ಹತ್ತಿರ ಕಂಡವನು ಕುಳ್ಳ, ಬಕ್ಕತಲೆಯವನು, ಜೇಬಿನ ಕೆಳಗೆ ಶಾಯಿಯ ಕಲೆ. ಸಮಾಧಾನವಾಗುವ ಬದಲು ಹೊಟ್ಟೆ ಇನ್ನಷ್ಟು ಉರಿಯಿತು. ಚೆಂದದವನಾಗಿದ್ದರೆ ಅವನ ಜೊತೆ ಮಾತಾಡುವುದಕ್ಕೆ ಅದೊಂದು ಕಾರಣವಾದರೂ ಇರುತ್ತಿತ್ತು.

ಅವಳು ಗಾಳಿಯಲ್ಲಿ ಬೆರಳಾಡಿಸಿ ದಾರಿ ಬರೆಯುತ್ತಿದ್ದಳು: ಇಲ್ಲಿ ತಿರುವು, ಇಲ್ಲಿ ಸೇತುವೆ, ಇಲ್ಲಿಂದ ಒಳಕ್ಕೆ. ನಕ್ಷೆರಾಯ ತಲೆಯಾಡಿಸುತ್ತಿದ್ದ. ಆಮೇಲೆ ಇಬ್ಬರೂ ಏನಕ್ಕೋ ನಕ್ಕರು. ಆ ದಾರಿಗಳಲ್ಲಿ ಟೈರು ಸವೆಸಿದವನು ಡ್ರೈವರು. ರಸ್ತೆಯ ಆಚೆ ಬೈಕಿನ ಮೇಲೆ ಕೂತು ಹಾರ್ನ್ ಒತ್ತಿದ.

“ಏನು ಅಷ್ಟೊಂದು ಮಾತು?” ಎಂದ, ಅವಳು ಹತ್ತಿ ಕೂತ ಮೇಲೆ.

“ಕೆಲ್ಸದ್ದು.”

“ಕೆಲ್ಸದಲ್ಲಿ ನಗೋದೂ ಇರುತ್ತೇನು?”

“ಗಾಡೀಲಿ ನಾವು ನಗ್ತಿರ್ಲಿಲ್ವಾ?”

ಅವನು ಗೇರು ಬದಲಿಸಿದ. ಈಗ ಗಾಡಿಯ ಹಿಂಭಾಗದಲ್ಲಿ ಕೂರುತ್ತಿದ್ದವನು ಗೊಣಗಪ್ಪ. ಶೀತವಾಗುತ್ತದೆಂದು ಆ ಜಾರುಕಿಟಕಿಗೆ ರಟ್ಟು ಅಂಟಿಸಿಬಿಟ್ಟಿದ್ದ.

ಬೈಕಿನ ಎಡಗನ್ನಡಿಯನ್ನು ಅವನು ಯಾವಾಗಲೂ ರಸ್ತೆ ಕಾಣುವಂತಲ್ಲ, ಹಿಂದೆ ಕೂತವಳ ಮುಖ ಕಾಣುವಂತೆ ತಿರುಗಿಸಿಕೊಳ್ಳುತ್ತಿದ್ದ. ಗಾಡಿಯಿಂದ ಬಂದ ಚಟ. ಅಲ್ಲಿ ಅವಳ ಮುಖ ನೋಡಿಯೇ ವೇಗ ಏರಿಸುತ್ತಿದ್ದ, ಇಳಿಸುತ್ತಿದ್ದ. ಗುಜರಿ ಗಲ್ಲಿಯ ಮುಂದೆ ಹಾದು ಹೋಗುವಾಗ ದಿನವೂ ಅವಳು ಕತ್ತು ಉದ್ದ ಮಾಡಿ ಒಳಗೆ ಇಣುಕುತ್ತಿದ್ದಳು. ಅಂದು ಇಣುಕಲಿಲ್ಲ. ಗಲ್ಲಿ ಬರುವುದಕ್ಕೆ ಮುಂಚೆಯೇ ಮುಖವನ್ನು ಎದುರು ಬದಿಯ ಅಂಗಡಿಗಳತ್ತ ತಿರುಗಿಸಿ, ಗಲ್ಲಿ ಹಿಂದೆ ಸರಿಯುವ ತನಕ ಹಾಗೇ ಇದ್ದಳು.

ಮನೆ ಮುಟ್ಟಿದಾಗ, “ನಾಳೆ ಬೆಳಕು ಹರಿಯೋ ಮುಂಚೆ ಹೋಗ್ಬೇಕು,” ಎಂದಳು.

“ಯಾಕೆ?”

“ಹೋಗ್ಬೇಕು, ಅಷ್ಟೇ.”

ಅವನಿಗೆ ಎಲ್ಲ ತಿಳಿದುಹೋಯಿತು: ನಾಳೆ ಗುಜರಿ ಗಲ್ಲಿಯ ಮೇಲೆ ದಾಳಿ. ಒಂದು ಗಳಿಗೆ ಹಿಗ್ಗಾಯಿತು. ಬೀಗ ಹಾಕಿದ ಬಾಯಿ ಅವಳದು, ಓದಿದವನು ತಾನು! ಮರುಗಳಿಗೆಗೇ ಆ ಹಿಗ್ಗು ಹುಳಿಯಾಯಿತು. ಇದೇ ಮಾತನ್ನು ಅವಳು ಆ ಕುಳ್ಳನಿಗೆ ಬಾಯಿಬಿಟ್ಟು ಹೇಳಿರುತ್ತಾಳೆ. ತಾಳಿ ಕಟ್ಟಿದ ಗಂಡ ಕನ್ನಡಿಯಲ್ಲಿ ಕದ್ದು ನೋಡಿ ತಿಳಿಯಬೇಕು.

ಅವಳನ್ನು ಇಳಿಸಿ ಅವನು ಪಾಳಿಗೆ ಹೋದ. ಸ್ಟ್ಯಾಂಡಿನಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದ ಇನ್ನೊಬ್ಬ ಡ್ರೈವರು, ಗೊಣಗಪ್ಪ ಇಬ್ಬರೂ ಚಹಾದ ಲೋಟ ಹಿಡಿದು ಬೆಂಚಿನ ಮೇಲಿದ್ದರು. ಪಂಕ್ಚರಿನವನು ಗಾಡಿಯ ಹಿಂದಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದ.

“ಏನಯ್ಯಾ, ಊರಿನ ಕಳ್ಳರ ಚರಿತ್ರೆ ಎಲ್ಲ ಈಗ ನಿನ್ನ ಹೆಂಡ್ತಿ ಕೈಯಲ್ಲಂತೆ,” ಎಂದು ಮೀಸೆ ಶುರು ಹಚ್ಚಿದ. “ನಮ್ಮ ಗೊಣಗಪ್ಪಂದೂ ಇದೆಯಾ ಕೇಳಿ ಹೇಳು.”

“ಇವನಿಗೆಲ್ಲಿ ಹೇಳ್ತಾಳೆ?” ಎಂದು ಗೊಣಗಪ್ಪ ಗೊಣಗಿದ. “ದೊಡ್ಡವರ ಪಕ್ಕ ಕೂತ್ಮೇಲೆ ಡ್ರೈವರ್ ಅಂದ್ರೆ ಯಾರು? ಮನೆಗೆ ಬಿಡೋನು.”

ಮೀಸೆ ಚಹಾ ಮೂಗಿಗೆ ಹತ್ತುವಷ್ಟು ನಕ್ಕ.

“ನನ್ ಹತ್ರ ಮುಚ್ಚಿಡೋದು ಏನಿದೆ ಅವಳಿಗೆ?” ಎಂದ ಅವನು. ಕಿವಿ ಬಿಸಿಯಾಗಿತ್ತು. “ಎಲ್ಲಾ ಹೇಳ್ತಾಳೆ. ಊಟಕ್ಕೆ ಕೂತ್ರೆ ಮೊದ್ಲು ಅದೇ ಮಾತು.”

“ಹಾಗಾದ್ರೆ ಒಂದು ಬಿಡು, ನೋಡೋಣ.”

“ನಾಳೆ ಬೆಳಿಗ್ಗೆ ಗುಜರಿ ಗಲ್ಲಿ ಕಡೆ ಗಾಡಿ ತಿರುಗಿಸ್ಬೇಡಿ. ಇಷ್ಟು ಹೇಳಿರ್ತೀನಿ.”

ನಗು ನಿಂತಿತು. ಮೀಸೆ ಹುಬ್ಬೇರಿಸಿ ಲೋಟ ಕೆಳಗಿಟ್ಟ. ತಿಂಗಳುಗಳಿಂದ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಪಂಕ್ಚರಿನವನು ಮಾತ್ರ ತಲೆ ಎತ್ತದೆ ಪೈಪು ಸುತ್ತಿಕೊಂಡ. ಅವನ ಭಾವಮೈದುನನಿಗೆ ಗುಜರಿ ಗಲ್ಲಿಯಲ್ಲಿ ಶೆಡ್ಡು ಇರುವುದು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಆ ಮಾತು ಬಿಟ್ಟವನಿಗೂ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ.

ಬೆಳಿಗ್ಗೆ ಪೊಲೀಸರು ಹೋದಾಗ ಶೆಡ್ಡುಗಳ ಬಾಗಿಲು ಹಾರುಹೊಡೆದಿದ್ದವು. ಒಳಗೆ ಒಂದು ನಟ್ಟೂ ಇರಲಿಲ್ಲ, ಒಂದು ಬೋಲ್ಟೂ ಇರಲಿಲ್ಲ. ಹುಟ್ಟಿದಾಗಿನಿಂದ ಪೊರಕೆ ಕಾಣದ ಗಲ್ಲಿಯನ್ನು ಯಾರೋ ಗುಡಿಸಿ ನೀರು ಹಾಕಿ ತೊಳೆದಿದ್ದರು.

ಮಧ್ಯಾಹ್ನಕ್ಕೆ ಮುಂಚೆಯೇ ಹೆಂಡತಿ ಮನೆಗೆ ಬಂದಳು. ಪಾಳಿ ಮುಗಿಸಿ ಮಲಗಿದ್ದವನು ಬಾಗಿಲ ಸದ್ದಿಗೆ ಎದ್ದು ಕೂತ. ಅವಳು ಚಪ್ಪಲಿಯನ್ನೂ ಬಿಡದೆ ಕೋಣೆಯ ಒಳಗೇ ಬಂದು ನಿಂತಳು. ಕೊರಳಲ್ಲಿ ಸದಾ ಇರುತ್ತಿದ್ದ ಕಚೇರಿಯ ಕಾರ್ಡು ಇರಲಿಲ್ಲ.

“ಪಂಕ್ಚರಿನವನ ಭಾವಮೈದುನ ಸಿಕ್ಕಿದಾನೆ. ಸುದ್ದಿ ಹೆಂಗೆ ಬಂತು ಅಂದ್ರೆ, ಆಂಬುಲೆನ್ಸ್ ಡ್ರೈವರಿಗೆ ಹೆಂಡ್ತಿ ಹೇಳಿದ್ಲಂತೆ ಅಂದಿದಾನೆ.” ಉಸಿರು ಎಳೆದುಕೊಂಡಳು. “ನಾನು ನಿಂಗೆ ಹೇಳಿದ್ನಾ?”

ಮದುವೆಯಾದಾಗಿನಿಂದ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

“ಇಲ್ಲ.”

“ಮತ್ತೆ?”

“ನೀನು ಆ ಕಡೆ ನೋಡ್ಲಿಲ್ಲ.”

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದಾಗ ಗೋಡೆಗೆ ಕೈ ಕೊಟ್ಟಳು. “ನೋಡ್ಲಿಲ್ಲ ಅಂತ ಊರಿಗೆಲ್ಲ ಸಾರಿದ್ಯಾ?”

“ಸಾರ್ಲಿಲ್ಲ ಕಣೇ. ಅವರು ನಗ್ತಿದ್ರು...”

“ನಗ್ಲಿ! ನಕ್ರೆ ನಿನ್ನ ಗಂಟೇನು ಹೋಗುತ್ತೆ?” ಅವಳ ದನಿ ಒಡೆಯಿತು. “ಸೊಂಟ ಹೋಯ್ತು. ಗಾಡಿ ಹೋಯ್ತು. ಇದೊಂದು ಸಿಕ್ಕಿತ್ತು ನಂಗೆ.”

ಅವನು ಹಾಸಿಗೆಯ ಅಂಚನ್ನು ಹಿಡಿದುಕೊಂಡು ಕೂತಿದ್ದ.

“ಸಂಜೆ ನಿನ್ನ ಕರೀತಾರೆ,” ಎಂದಳು ಆಮೇಲೆ, ಆಯಾಸದಿಂದ. “ಇದ್ದದ್ದು ಇದ್ದ ಹಾಗೆ ಹೇಳು. ನಾನು ಹೇಳಿಲ್ಲ ಅಂತ ಅವರು ನಂಬಿದ್ರೆ ಕೆಲ್ಸ ಉಳಿಯುತ್ತೆ. ಇಲ್ದಿದ್ರೆ ಇವತ್ತಿಗೇ ಮುಗೀತು.”

ಕರೆದ ಕೋಣೆಯಲ್ಲಿ ಒಂದು ಉದ್ದನೆಯ ಮೇಜಿತ್ತು. ವಿಭಾಗದ ಮೇಡಂ ನಡುವೆ ಕೂತಿದ್ದರು. ಹೇಳಿಕೆ ಟೈಪು ಮಾಡಲು ಅವರ ಎಡಕ್ಕೆ ಕೂತಿದ್ದವನು ನಕ್ಷೆರಾಯ. ಹೆಂಡತಿ ಕಿಟಕಿಯ ಬಳಿ ಹೊರಗೆ ನೋಡುತ್ತ ನಿಂತಿದ್ದಳು. ಅವಳ ಹೆಲ್ಮೆಟ್ಟನ್ನೂ ತನ್ನದನ್ನೂ ತೊಡೆಯ ಮೇಲಿಟ್ಟುಕೊಂಡು ಡ್ರೈವರು ಕೂತ.

“ನಿಮ್ಮ ಹೆಂಡತಿ ಮನೇಲಿ ಕೆಲಸದ ವಿಷಯ ಏನೇನು ಹೇಳ್ತಾರೆ?”

“ಏನೂ ಹೇಳಲ್ಲ.”

“ಏನೂ?”

“ಏನೂ ಇಲ್ಲ ಮೇಡಂ. ಇಲ್ಲಿ ಫ್ಯಾನು ತಿರುಗುತ್ತಾ ಅನ್ನೋದೂ ಹೇಳಲ್ಲ.”

ನಕ್ಷೆರಾಯನ ಕಣ್ಣು ತನಗೆ ತಿಳಿಯದೆಯೇ ಒಮ್ಮೆ ಫ್ಯಾನಿನ ಕಡೆ ಹೋಗಿ ಬಂತು.

“ಹಾಗಿದ್ರೆ, ಎಲ್ಲಾ ಹೇಳ್ತಾಳೆ ಅಂತ ಸ್ಟ್ಯಾಂಡಿನಲ್ಲಿ ಯಾಕೆ ಅಂದ್ರಿ?”

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. “ಹೇಳಲ್ಲ ಅನ್ನೋಕೆ ನಾಚಿಕೆ ಆಯ್ತು.”

ಕೀಲಿಮಣೆಯ ಸದ್ದು. ಮೇಡಂ ಬಿಡಲಿಲ್ಲ. ಗುಜರಿ ಗಲ್ಲಿಯೇ ಎಂದು ಹೇಗೆ ಗೊತ್ತಾಯಿತು ಎಂದರು. ಅವನು ಸುಟ್ಟಗಾಯದವರ ವಿಷಯ ಹೇಳಿದ, ಅವಳು ಮುಖ ತಿರುಗಿಸಿದ್ದನ್ನು ಹೇಳಿದ.

“ಅವರು ಹಿಂದೆ ಕೂತಿದ್ರು. ನಿಮಗೆ ಹೇಗೆ ಕಾಣಿಸ್ತು?”

“ಕನ್ನಡೀಲಿ.”

“ಬೈಕಿನ ಕನ್ನಡಿ ಇರೋದು ರಸ್ತೆ ನೋಡೋಕಲ್ವಾ?”

“ಅವಳು ಹಿಂದೆ ಇದ್ದಾಗ ಅಲ್ಲ.”

ಕೀಲಿಮಣೆಯ ಸದ್ದು ನಿಂತಿತು. ನಕ್ಷೆರಾಯ ಮೇಡಂ ಕಡೆ ಬಾಗಿ, “ಇದನ್ನೂ ಹಾಕ್ಲಾ?” ಎಂದ.

“ಹಾಕಿ. ಅದೇ ಮುಖ್ಯ.” ಮೇಡಂ ಡ್ರೈವರ ಕಡೆ ತಿರುಗಿದರು. “ಬರೀ ನಾಚಿಕೆಗೆ ಇಷ್ಟು ದೊಡ್ಡ ಮಾತು ಬಾಯಿಬಿಟ್ರಾ? ಇನ್ನೇನಾದ್ರೂ ಇತ್ತಾ?”

ಇಲ್ಲ ಎಂದು ಎದ್ದುಬಿಡಬಹುದಿತ್ತು. ಆದರೆ ಮೇಡಂ ಮುಖದಲ್ಲಿ ನಂಬಿಕೆ ಇನ್ನೂ ಅರ್ಧಕ್ಕೇ ನಿಂತಿತ್ತು. ಕಿಟಕಿಯ ಬಳಿ ಹೆಂಡತಿಯ ಬೆನ್ನು ಅಲುಗಲಿಲ್ಲ.

“ಇತ್ತು,” ಎಂದು ಗದ್ದದಿಂದ ನಕ್ಷೆರಾಯನನ್ನು ತೋರಿಸಿದ. “ಇವರು. ಇವರ ಹತ್ರ ಅವಳು ಮಾತಾಡ್ತಾಳೆ. ಮುಂಚೆ ನನ್ನ ಹತ್ರ ಆಡ್ತಿದ್ದ ಮಾತೇ. ನಂಗೆ ತಡ್ಕೊಳ್ಳೋಕಾಗ್ಲಿಲ್ಲ.”

ನಕ್ಷೆರಾಯನ ಬಕ್ಕತಲೆ ಕಿವಿಯ ತನಕ ಕೆಂಪಾಯಿತು. ಯಾರ ಮುಖವನ್ನೂ ನೋಡದೆ, “‘ಇವರು’ ಅಂತ ಹಾಕ್ಲಾ ಮೇಡಂ, ನನ್ನ ಹೆಸರು ಹಾಕ್ಲಾ?” ಎಂದು ಕೇಳಿದ.

ಹೇಳಿಕೆಯನ್ನು ಓದಿ ಹೇಳುವುದು ನಿಯಮ. ಓದಿದವನೂ ನಕ್ಷೆರಾಯನೇ. “ನನ್ನ ಹೆಂಡತಿ ನನಗೆ ಏನನ್ನೂ ಹೇಳುವುದಿಲ್ಲ,” ಎಂದು ಅವನು ಮೆಲುದನಿಯಲ್ಲಿ, ತಪ್ಪಿಲ್ಲದೆ, ಮೊದಲಿನಿಂದ ಕೊನೆಯವರೆಗೆ ಓದಿದ. ಡ್ರೈವರು ಪೂರ್ತಿ ಕೇಳಿಸಿಕೊಂಡು ಸಹಿ ಹಾಕಿದ.

“ನಿಮ್ಮ ಇಲಾಖೆಗೆ ಬರೀಬೇಕಾಗುತ್ತೆ,” ಎಂದರು ಮೇಡಂ. “ಗಾಡಿಯಿಂದ ತೆಗೀಬಹುದು.”

“ಗೊತ್ತು.”

ಮೇಡಂ ಡ್ರಾಯರಿನಿಂದ ಕಾರ್ಡು ತೆಗೆದು ಮೇಜಿನ ಮೇಲೆ ಕಿಟಕಿಯ ಕಡೆಗೆ ಸರಿಸಿದರು. ಹೆಂಡತಿ ಬಂದು ಎತ್ತಿಕೊಂಡಳು.

ಹೊರಗಿನ ಓಣಿಯಲ್ಲಿ ಅವರಿಬ್ಬರೇ ಆದರು. ಏನಾದರೂ ಅನ್ನುತ್ತಾಳೆಂದು ಅವನು ಕಾದ. ಅವಳು ಕಾರ್ಡಿನ ದಾರವನ್ನು ಕೊರಳಿಗೆ ಹಾಕಿಕೊಂಡು, ಅದರೊಳಗೆ ಸಿಕ್ಕಿಬಿದ್ದ ಕೂದಲನ್ನು ಬಿಡಿಸಿಕೊಂಡಳು.

“ಹೋಗು,” ಎಂದಳು. “ಪಾಳಿಗೆ ಹೊತ್ತಾಗುತ್ತೆ.”

“ಕರ್ಕೊಂಡು ಹೋಗೋಕೆ ಬರ್ಲಾ?”

ಅವಳು ಕಾರ್ಡನ್ನು ಬಾಗಿಲಿಗೆ ಹಿಡಿದಳು. ಹಸಿರು ದೀಪ ಹೊತ್ತಿತು. ಬಾಗಿಲು ಭಾರದ್ದು, ತಾನಾಗಿಯೇ ಮುಚ್ಚಿಕೊಳ್ಳುವಂಥದ್ದು, ನಿಧಾನ. ಸಣ್ಣದಾಗುತ್ತ ಬಂದ ಸಂದಿಯಲ್ಲಿ ಒಳಗಿನ ಉದ್ದ ಕೋಣೆ, ಪರದೆಗಳ ನೀಲಿ ಬೆಳಕು, ತನ್ನ ಕುರ್ಚಿ ಎಳೆದುಕೊಳ್ಳಲು ಬಗ್ಗಿ ಸೊಂಟ ಹಿಡಿದುಕೊಂಡ ಅವಳು, ಎಲ್ಲ ಕಂಡವು. ಕಾಲಿಟ್ಟರೆ ಬಾಗಿಲು ನಿಲ್ಲುತ್ತಿತ್ತು. ಅವನು ಇಡಲಿಲ್ಲ. ಚಿಲಕ ಬಿದ್ದ ಸದ್ದಾಯಿತು.

ಆಗ ನೋಡಿಕೊಂಡ, ಅವಳ ಹೆಲ್ಮೆಟ್ಟು ಇನ್ನೂ ತನ್ನ ಕೈಯಲ್ಲೇ ಇತ್ತು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಇಳಿಸಿದ. ಹೆಲ್ಮೆಟ್ಟನ್ನು ಗೋಡೆಯ ಬದಿಗೆ, ಬಾಗಿಲು ತೆರೆದರೆ ತಾಗದಷ್ಟು ದೂರದಲ್ಲಿ ನೆಲಕ್ಕಿಟ್ಟ. ಅದು ಒಂದು ಕಡೆಗೆ ವಾಲಿತು. ಬಗ್ಗಿ, ಪಟ್ಟಿಯನ್ನು ಒಳಕ್ಕೆ ಮಡಚಿ, ನೆಟ್ಟಗೆ ನಿಲ್ಲುವ ಹಾಗೆ ಮಾಡಿ, ಮೆಟ್ಟಿಲಿಳಿದು ಹೋದ.