ಏಳನೆಯ ಪ್ರತಿ

ಎಪ್ಪತ್ತಾರನೆಯ ಇಸವಿಯಲ್ಲಿ ಮುಳಬಾಗಿಲಿನ ಲಕ್ಷ್ಮೀನಾರಾಯಣಯ್ಯನವರು ಮಗಳ ಲಗ್ನಪತ್ರಿಕೆಯನ್ನು ಆರು ಸಲ ಬರೆಸಿದರು. ಬರೆದವಳು ಮಗಳು ಅನಂತಲಕ್ಷ್ಮಿಯೇ. ಮನೆಯಲ್ಲಿ ದುಂಡನೆಯ ಅಕ್ಷರ ಇದ್ದುದು ಅವಳೊಬ್ಬಳಿಗೆ. ತನ್ನ ಹೆಸರಿನ ಹಿಂದೆ ತಾನೇ 'ಚಿ. ಸೌ.' ಎಂದು ಬರೆದುಕೊಳ್ಳುವಾಗ ಮೊದಲೆರಡು ಸಲ ನಾಚಿಕೆಯಾಯಿತು. ಮೂರನೆಯದರ ಹೊತ್ತಿಗೆ ಕೈನೋವು ಮಾತ್ರ ಉಳಿಯಿತು.

ಶ್ರೀನಿವಾಸಪುರದ ಚಿಕ್ಕಪ್ಪನ ಹೆಸರು ಮಾಲೂರಿನ ಚಿಕ್ಕಪ್ಪನಿಗಿಂತ ಕೆಳಗೆ ಬಂತೆಂದು ಒಂದು ಪ್ರತಿ ಹೋಯಿತು. ಕೋಲಾರದ ಸೋದರಮಾವನ ಬಿ.ಎ. ಬಿಟ್ಟುಹೋಯಿತೆಂದು ಇನ್ನೊಂದು. ಲಗ್ನಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದುವವರು ಅದರಲ್ಲಿ ಹೆಸರಿಲ್ಲದವರು ಮಾತ್ರ. ಅವರಿಗೆ ಹೆದರಿಯೇ ಜನ ಅದನ್ನು ತಿದ್ದುವುದು.

ಆರು ಪ್ರತಿಗಳ ಕೊನೆಯಲ್ಲೂ ಅನಂತಲಕ್ಷ್ಮಿ 'ತುಳಸಮ್ಮ' ಎಂದು ಸೇರಿಸಿದಳು. ಆರು ಸಲವೂ ತಂದೆ ಅದನ್ನು ಹೊಡೆದುಹಾಕಿದರು. ತುಳಸಮ್ಮ ಅವರ ಅಕ್ಕ. ಮೂರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಅನಂತಲಕ್ಷ್ಮಿಯನ್ನು ಸಾಕಿದವರು. ಆದರೆ ವಿಧವೆ. ಶುಭಪತ್ರಿಕೆಯಲ್ಲಿ ವಿಧವೆಯರ ಹೆಸರು ಹಾಕುವ ಪದ್ಧತಿಯಿಲ್ಲ. ಹೆಂಡತಿ ತೀರಿಕೊಂಡ ಲಕ್ಷ್ಮೀನಾರಾಯಣಯ್ಯನವರ ಹೆಸರಿಗೆ ಅಂಥ ತೊಂದರೆ ಏನೂ ಇರಲಿಲ್ಲ. ಅದು ಎಲ್ಲಕ್ಕಿಂತ ಮೇಲೆ, ಆಹ್ವಾನಿಸುವವರ ಜಾಗದಲ್ಲಿತ್ತು.

ಅಚ್ಚಿಗೆ ಕೊಡುವ ಮುಂಚೆ ದೇವರ ಮುಂದಿಟ್ಟು ಗಟ್ಟಿಯಾಗಿ ಓದುವುದು ಆ ಮನೆಯ ರೂಢಿ. ಆರನೆಯದನ್ನು ಲಕ್ಷ್ಮೀನಾರಾಯಣಯ್ಯನವರು ಓದಿದರು. ಓದುಬರಹ ಬಾರದ ತುಳಸಮ್ಮ ಬದನೆಕಾಯಿ ಹೆಚ್ಚುತ್ತ ಕೇಳಿದರು.

"ಒಂದು ಹೆಸರು ಬಿಟ್ರಿ, ಅಪ್ಪ," ಎಂದಳು ಅನಂತಲಕ್ಷ್ಮಿ.

"ಬಿಟ್ಟಿಲ್ಲ, ಹೊಡೆದಿದೀನಿ. ಬೀಗರ ಕಡೆಯೋರು ಏನಂದಾರು?"

"ಪೋನೀ ಬಿಡೇ," ಎಂದರು ತುಳಸಮ್ಮ, ತಲೆಯೆತ್ತದೆ. "ಹೆಸರು ಹಾಕಿದ್ರೆ ನಂಗೇನು ಎರಡು ಹೋಳಿಗೆ ಜಾಸ್ತಿ ಬಡಿಸ್ತಾರಾ?"

ಅನಂತಲಕ್ಷ್ಮಿ ಪೆನ್ನು ತೆಗೆದುಕೊಂಡು ತನ್ನ ಹೆಸರನ್ನೂ ಹೊಡೆದಳು.

"ಏನೇ ಇದು?" ಎಂದರು ತಂದೆ. "ಹುಡುಗೀನೇ ಇಲ್ದೆ ಯಾರ ಮದುವೆಗೆ ಅಂತ ಬರ್ತಾರೆ?"

"ಅತ್ತೆ ಹೆಸರು ಅಶುಭ ಆದ್ರೆ, ಅವರ ಕೈತುತ್ತು ತಿಂದು ಬೆಳೆದ ನನ್ನ ಹೆಸರೂ ಅಶುಭಾನೇ. ಇನ್ನು ನಾನು ಬರೆಯಲ್ಲ."

ಲಕ್ಷ್ಮೀನಾರಾಯಣಯ್ಯನವರಿಗೆ ಸಿಟ್ಟು ನೆತ್ತಿಗೇರಿತು. ಏಳನೆಯದನ್ನು ತಾವೇ ಬರೆಯಲು ಕೂತರು. ಹೊಡೆಯುವುದು ಒಂದು ಗೆರೆಯ ಕೆಲಸ. ಬರೆಯುವಾಗ ಒಬ್ಬೊಬ್ಬರನ್ನೂ ನೆನೆಯಬೇಕಾಗುತ್ತದೆ. ನಾಲ್ಕು ಹಾಳೆ ಹರಿದರು. ಸಂಜೆ ಕಾಗೆಕಾಲು ಗುಬ್ಬಿಕಾಲು ಅಕ್ಷರದ ಒಂದು ಹಾಳೆಯನ್ನು ಮಗಳ ಮುಂದಿಟ್ಟು, ಜಗಲಿಗೆ ಹೋಗಿ ಕೂತರು.

ಅನಂತಲಕ್ಷ್ಮಿ ಮೊದಲು ಕೊನೆಯ ಸಾಲನ್ನೇ ನೋಡಿದಳು. ಅಲ್ಲಿ ತುಳಸಮ್ಮ ಇರಲಿಲ್ಲ. ಅವಳಿಗೆ ಅಳು ಬಂತು. ಆ ಜಾಗದಲ್ಲಿ, ಚಿಕ್ಕಪ್ಪಂದಿರೆಲ್ಲರ ಕೆಳಗೆ, ಲಕ್ಷ್ಮೀನಾರಾಯಣಯ್ಯ ಎಂದಿತ್ತು. ತಟ್ಟನೆ ಮೇಲೆ ನೋಡಿದಳು. ಆಹ್ವಾನಿಸುವವರ ಜಾಗದಲ್ಲಿ ತುಳಸಮ್ಮ ಇದ್ದರು.

"ಅತ್ತೆ, ನಿಮ್ಮ ಹೆಸರು ಎಲ್ಲರಿಗಿಂತ ಮೇಲಿದೆ."

ತುಳಸಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದರು. "ಯಾವುದು, ತೋರ್ಸೇ."

ಅವಳು ಅವರ ಬೆರಳು ಹಿಡಿದು ಅಕ್ಷರದ ಮೇಲಿಟ್ಟಳು. ತಮ್ಮ ಹೆಸರು ಹೀಗಿರುತ್ತದೆಂದು ತುಳಸಮ್ಮನವರಿಗೆ ಅರವತ್ತು ವರ್ಷ ಗೊತ್ತಿರಲಿಲ್ಲ. ತುಂಬ ಹೊತ್ತು ನೋಡಿದರು. ಆಮೇಲೆ ಜಗಲಿಯ ಕಡೆ ತಿರುಗಿ ತಮ್ಮನನ್ನು ಕೂಗಿದರು.

"ಲೇ, ಇನ್ನು ತಿದ್ದಬೇಡ ಕಣೋ. ಇದೇ ಇರ್ಲಿ."