ಎರಡನೆಯ ಅಜುಬಾ

"ನನ್ನ ಮುತ್ತಜ್ಜಿ ಎರಡು ವರ್ಷದ ಕೂಸಾಗಿದ್ದಾಗಲೇ ಸತ್ತುಹೋದಳಂತೆ, ದಿವಾಕರ. ನಿಮ್ಮ ಪಟ್ಟಿ ಹಾಗೆ ಹೇಳುತ್ತದೆ. ಹಾಗಾದರೆ ನಾನು ಯಾರ ವಂಶದವಳು?"

ಕೆಳಮನೆಯ ಹರ್ಮಿನಾ ಬಾಗಿಲನ್ನು ಒಂದು ಗೇಣಷ್ಟೇ ತೆರೆದಿದ್ದರು. ದಿವಾಕರ ಹಾಲು, ಬ್ರೆಡ್ಡಿನ ಚೀಲವನ್ನು ಹೊಸ್ತಿಲ ಮುಂದಿಟ್ಟು, ಆ ದಿನಗಳ ನಿಯಮದಂತೆ ಒಂದೂವರೆ ಮೀಟರು ಹಿಂದೆ ಸರಿದು ನಿಂತಿದ್ದ. ಲಾಕ್‌ಡೌನ್ ಶುರುವಾದಾಗಿನಿಂದ ಡಚ್ಚರ ನಾಡಿನ ಬೈಟನ್‌ವೆಲ್ಡರ್ಟ್ ಬಡಾವಣೆಯ ಆ ಕಟ್ಟಡದಲ್ಲಿ, ಎಂಬತ್ತು ದಾಟಿದ ಹರ್ಮಿನಾರಿಗೆ ಸಾಮಾನು ತಂದುಕೊಡುವುದು ಅವನ ಶನಿವಾರದ ಕೆಲಸ.

ಅವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು, ಸುರಿನಾಮಿನ ಡಚ್ಚರ ಕಬ್ಬಿನ ತೋಟಗಳಿಗೆ ಗುಲಾಮರಾಗಿ ಮಾರಿದ್ದರು. ಪ್ರತಿ ಜುಲೈ ಒಂದರಂದು, ಗುಲಾಮಗಿರಿ ರದ್ದಾದ ದಿನ, ಹರ್ಮಿನಾ ಆ ಹಿರಿಯರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಅವರ ಕೈಲಿದ್ದ ಆ ಹೆಸರುಗಳ ಚೀಟಿಯಲ್ಲಿ ಮೊದಲನೆಯ ಹೆಸರು ಮುತ್ತಜ್ಜಿ ಅಜುಬಾಳದು. ಈಗ ಅದರ ಮೇಲೆ ಪೆನ್ಸಿಲಿನ ಗೀಟು ಬಿದ್ದಿತ್ತು.

"ಅಜುಬಾ ತನ್ನ ತಾಯಿ ಎಂದು ನನ್ನಜ್ಜಿ ಸುಳ್ಳು ಹೇಳಿದಳೋ ಏನೋ. ಈ ಸಲ ಓದುವುದಿಲ್ಲ," ಎಂದು ಅವರು ಬಾಗಿಲು ಮುಚ್ಚಿದರು.

ಹರ್ಮಿನಾರಿಗೆ ಆ ಪಟ್ಟಿಯನ್ನು ಹೆಮ್ಮೆಯಿಂದ ತೋರಿಸಿದವನೇ ದಿವಾಕರ. ಗುಲಾಮರ ಹಳೆಯ ದಾಖಲೆ ಪುಸ್ತಕಗಳನ್ನು ನೂರಾರು ಜನ ಮನೆಯಲ್ಲೇ ಕೂತು ಕಂಪ್ಯೂಟರಿಗೆ ಇಳಿಸುತ್ತಿದ್ದರು. ಅದನ್ನೆಲ್ಲ ಒಂದೇ ಪಟ್ಟಿಯಾಗಿ ಒಪ್ಪ ಮಾಡುವ ಪ್ರೋಗ್ರಾಂ ಅವನದು. ಆಫೀಸಿನಲ್ಲೂ ಅದೇ ಕೆಲಸ, ಅದೇ ಚಾಳಿ. ಒಂದು ಸಾಲು ಎರಡು ಸಲ ಕಂಡರೆ ಸಾಕು, ಪುಣ್ಯಾತ್ಮನ ಕೈ ಸುಮ್ಮನಿರದು. ಅದೇ ತೋಟ, ಅದೇ ತಾಯಿ, ಅದೇ ಹೆಸರು ಬಂದರೆ ಮೊದಲ ಸಾಲು ಉಳಿಸು, ಎರಡನೆಯದನ್ನು ಅಳಿಸು. ಹುಟ್ಟಿದ ವರ್ಷ ಬೇರೆಯಾಗಿದ್ದರೆ ಗುಮಾಸ್ತ ತಪ್ಪು ಬರೆದಿರುತ್ತಾನೆ ಎಂದುಕೊಂಡಿದ್ದ. ಹೀಗೆ ನಾನೂರ ಹನ್ನೆರಡು ಸಾಲು ಅಳಿಸಿ ಶಹಬ್ಬಾಸ್‌ಗಿರಿಯನ್ನೂ ಪಡೆದಿದ್ದ.

ಮಹಡಿ ಹತ್ತಿ ಬಂದವನೇ ಮೂಲ ಪುಟದ ಚಿತ್ರ ತೆರೆದ. ಅಜುಬಾ, ತಾಯಿ ಮರಿಯಾನಾ, ಹುಟ್ಟಿದ್ದು ೧೮೪೭, ಸತ್ತದ್ದು ೧೮೪೯. ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು: ಅಜುಬಾ, ತಾಯಿ ಮರಿಯಾನಾ, ಹುಟ್ಟಿದ್ದು ೧೮೫೧. ಸಾವಿನ ಜಾಗ ಖಾಲಿಯಿತ್ತು.

ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದು, ವಿಮಾನ ನಿಂತು ಇಲ್ಲೇ ಉಳಿದಿದ್ದ ಅವನ ತಾಯಿ ರಾಜಮ್ಮ ಎದುರಿಗೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಯಾಕೋ, ಮುಖ ಹಿಂಗ್ ಮಾಡ್ಕೊಂಡಿದೀಯ?"

"ಒಂದೇ ತಾಯಿಗೆ ಒಂದೇ ಹೆಸರಿನ ಮಕ್ಕಳು ಇಬ್ರು ಇದ್ರಮ್ಮ. ಡೂಪ್ಲಿಕೇಟ್ ಅಂದ್ಕೊಂಡು ಒಬ್ಬಳನ್ನ ತೆಗೆದುಬಿಟ್ಟಿದೀನಿ. ಬದುಕಿದ್ದೋಳನ್ನ."

ಸೊಪ್ಪಿನ ಮೇಲಿದ್ದ ಕೈ ನಿಂತಿತು. "ಹೋದ ಮಗು ಹೆಸರು ಅಷ್ಟು ಬೇಗ ಬಾಯಿಂದ ಹೋಗಲ್ಲ ಕಣೋ. ಮುಂದಿನ ಕೂಸಿಗೆ ಅದನ್ನೇ ಇಟ್ಬಿಡ್ತೀವಿ. ನಿಂಗೆ ನಿಮ್ಮಣ್ಣನ ಹೆಸರು ಇಡ್ಲಿಲ್ವಾ?"

ಅವನಿಗೆ ಗೊತ್ತಿತ್ತು. ಹನ್ನೊಂದು ತಿಂಗಳಿಗೇ ಜ್ವರ ಬಂದು ಹೋದ ಮೊದಲ ದಿವಾಕರನ ವಿಷಯ ಚಿಕ್ಕಂದಿನಲ್ಲೇ ಕೇಳಿ, ಅಲ್ಲಿಗೇ ಬಿಟ್ಟಿದ್ದ. ನಲವತ್ತು ವರ್ಷ ಆ ಹೆಸರು ಪೂರ್ತಿ ತನ್ನದೇ ಎಂಬಂತೆ ಬದುಕಿದ್ದ. ಈಗ ಅವನಿಗೆ ನಾಚಿಕೆಯಾಯಿತು.

ಪುಟವನ್ನು ಪ್ರಿಂಟ್ ಮಾಡಿಕೊಂಡು ಕೆಳಗಿಳಿದು ಮತ್ತೆ ಬಾಗಿಲು ತಟ್ಟಿದ.

"ಅಳಿಸಿದ್ದು ನಾನು, ಮೇಡಂ. ನಿಮ್ಮಜ್ಜಿ ಸುಳ್ಳು ಹೇಳಿಲ್ಲ."

ಹರ್ಮಿನಾ ಕನ್ನಡಕ ಹಾಕಿಕೊಂಡು ಎರಡು ಸಾಲುಗಳನ್ನೂ ಬೆರಳಿಟ್ಟು ಓದಿದರು. ಅವನನ್ನು ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಎರಡೇ ವರ್ಷ ಬದುಕಿದ ಈ ಕೂಸನ್ನು ನಮ್ಮಲ್ಲಿ ಯಾರೂ ಓದಿಯೇ ಇಲ್ಲ," ಎಂದರು. ಆಮೇಲೆ ಕೇಳಿದರು, "ಇನ್ನೂ ಎಷ್ಟು ಜನರನ್ನು ಅಳಿಸಿದ್ದೀರಿ?"

ಅವನು ಹೇಳಿದ. "ಒಬ್ಬೊಬ್ಬರನ್ನೂ ನೋಡಿ ವಾಪಸು ತರುತ್ತೇನೆ," ಎಂದೂ ಹೇಳಿದ.

ಆ ವರ್ಷ ಜುಲೈ ಒಂದರಂದು ಜನ ಸೇರುವಂತಿರಲಿಲ್ಲ. ಹರ್ಮಿನಾ ತಲೆಗೆ ಬಣ್ಣದ ವಸ್ತ್ರ ಕಟ್ಟಿ, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮೇಲಿನ ಬಾಲ್ಕನಿಯಲ್ಲಿ ರಾಜಮ್ಮ ಕಂಬಿ ಹಿಡಿದು ನಿಂತಿದ್ದರು. ಒಳಗೆ ಮೇಜಿನ ಮುಂದೆ ದಿವಾಕರ ಮುನ್ನೂರನೆಯ ಸಾಲಿನಲ್ಲಿದ್ದ.

"ಅಜುಬಾ," ಎಂದು ಕೆಳಗಿನಿಂದ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಅಜುಬಾ."

ರಾಜಮ್ಮ ಕೈಮುಗಿದರು. "ದಿವಾಕರ," ಎಂದರು ಮೆಲ್ಲಗೆ.

ಏನಮ್ಮ ಎನ್ನಲು ಬಾಯಿ ತೆರೆದವನು ತಲೆಯೆತ್ತಿ ನೋಡಿದ. ಅವರು ಇತ್ತ ತಿರುಗಿರಲಿಲ್ಲ. ಅವನು ಓಗೊಡಲಿಲ್ಲ.