ಏಳು ದಿನದ ಕರೆ

ಚಪ್ಪಲಿ ಬಿಡಲು ಬಾಗಿದಾಗಲೇ ಸಮ್ರೀನಳಿಗೆ ಆ ವಾಸನೆ ಬಂತು. ಟೈಪ್‌ರೈಟರಿನ ಎಣ್ಣೆ, ಮಸಿಯ ರಿಬ್ಬನ್ನು. ಊದಿನಕಡ್ಡಿ, ವಿಭೂತಿಗಳ ನಡುವೆಯೂ ಅದು ಬೇರೆಯಾಗಿ ನಿಂತಿತ್ತು. ಅವಳ ತಾಯಿ ಮುನೀರಾ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಗುರಲಿಂಗಪ್ಪ ಮಾಸ್ತರರ ಹತ್ತಿರ ಟೈಪಿಂಗ್ ಕಲಿಯುವಾಗ, ಐದು ವರ್ಷದ ಸಮ್ರೀನ ಮೇಜಿನ ಕೆಳಗೆ ಕೂತು ಒಣದ್ರಾಕ್ಷಿ ತಿನ್ನುತ್ತಿದ್ದಳು. ಮಾಸ್ತರರು ಅವಳಿಗೆಂದೇ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು.

ಈಗ ತೀರಿಕೊಂಡ ಅವರನ್ನು ತಿಕೋಟಾದ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮೂಲೆಯಲ್ಲಿ ಹಳೆಯ ಟೈಪ್‌ರೈಟರು, ಪಕ್ಕದಲ್ಲಿ ಮುಚ್ಚಿದ ಲ್ಯಾಪ್‌ಟಾಪು.

"ಯಾರ ಬೇ ಈಕಿ?" ಮಾಸ್ತರರ ಅಕ್ಕ ಅಕ್ಕನಾಗಮ್ಮ ಕೇಳಿದಳು.

"ಬಬಲೇಶ್ವರದ ಮುನೀರಾನ ಮಗಳು. ಇವರ ಕೂಡ ಕೆಲಸಾ ಮಾಡತಿದ್ಲು," ಎಂದರು ಮಾಸ್ತರರ ಹೆಂಡತಿ ನೀಲಾಬಾಯಿ.

"ಏನ ಕೆಲಸಾನೋ ನಮ್ಮವ್ವಾ! ಪಗಾರಿಲ್ಲ, ಸೂಟಿ ಇಲ್ಲ. ನನ್ನ ತಮ್ಮಗ ಆ ಪೆಟಗಿನ ಎರಡನೇ ಹೇಂತಿ ಆಗಿತ್ತು," ಎಂದು ಲ್ಯಾಪ್‌ಟಾಪಿನತ್ತ ಕೈ ತೋರಿದಳು.

"ಎರಡನೇದಲ್ರೀ ಅಕ್ಕಾರ, ಮೊದಲನೇದು," ಎಂದರು ನೀಲಾಬಾಯಿ. ಬೆಳಗಿನಿಂದ ಅವರು ಅತ್ತಿರಲಿಲ್ಲ.

ಸಮ್ರೀನ ಕೈಯಲ್ಲಿದ್ದ ಫೋನು ನೋಡಿದಳು. ಕೆಲಸಕ್ಕೆ ಮರಳಿ ಬಾ ಎಂದು ಮಾಸ್ತರರು ಕಳೆದ ಗುರುವಾರ ಕಳಿಸಿದ ಕರೆ ಅದರಲ್ಲಿತ್ತು. ಏಳು ದಿನದೊಳಗೆ ಒಪ್ಪದಿದ್ದರೆ ಅದು ತಾನಾಗಿ ಅಳಿದುಹೋಗುತ್ತದೆ. ಇವತ್ತು ಏಳನೆಯ ದಿನ. ಸಂಜೆ ಐದೂವರೆಯವರೆಗೆ ಸಮಯವಿತ್ತು.

*

ಟೈಪಿಂಗ್ ತರಗತಿ ಮುಚ್ಚಿದ ಮೇಲೆ ಮಾಸ್ತರರು ಕಟ್ಟಿದ್ದು 'ಓದಕ್ಕ'. ಫೋನಿನಲ್ಲಿರುವ ಕನ್ನಡವನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್. ದನಿ ನೀಲಾಬಾಯಿಯವರದು. ಅದರ ಕೋಡ್ ಎಲ್ಲರಿಗೂ ತೆರೆದಿತ್ತು, ಯಾರು ಬೇಕಾದರೂ ತಿದ್ದಿ ಕಳಿಸಬಹುದಿತ್ತು. ಆದರೆ ತಿದ್ದಿದ್ದನ್ನು ಒಪ್ಪಿ ಎಲ್ಲರ ಫೋನಿಗೆ ಮುಟ್ಟಿಸುವ ಅಧಿಕಾರ ಮೇಂಟೇನರುಗಳಿಗೆ ಮಾತ್ರ. ಮಾಸ್ತರರು ಒಬ್ಬರೇ ಇದ್ದರು. ಎರಡನೆಯವಳಾಗಿ ಸಮ್ರೀನಳನ್ನು ಕರೆದರು.

ಮೊದಲ ದಿನ ಅವಳ ಕಣ್ಣಿಗೆ ಟವೆಲ್ ಕಟ್ಟಿದರು. "ಇವತ್ತ ಸಂಜೀತನಾ ಹಿಂಗ ಇರು. ಫೋನ್ ಹಿಂಗ ನಡಸು, ಊಟಾ ಹಿಂಗ ಮಾಡು."

ನೀಲಾಬಾಯಿ ತಾಟು ತಂದು, ಅವಳ ಬೆರಳು ಹಿಡಿದು ರೊಟ್ಟಿಗೆ, ಪಲ್ಯಕ್ಕೆ, ಚಟ್ನಿಗೆ ಒಂದೊಂದಾಗಿ ಮುಟ್ಟಿಸಿದ್ದರು.

"ಎರಡ ತಿಂಗಳ ಕೋಡ್ ಮುಟ್ಟಬ್ಯಾಡ," ಎಂದಿದ್ದರು ಮಾಸ್ತರರು. "ಮಂದಿ ಬರದ ಪತ್ರಕ್ಕ ಉತ್ತರಾ ಬರಿ. ಯಾರ ಸಲುವಾಗಿ ಮಾಡಾಕತ್ತೇನಿ ಅನ್ನೂದು ಮೊದಲ ಗೊತ್ತಾಗಲಿ."

ಒಂದೂವರೆ ವರ್ಷ ಚೆನ್ನಾಗಿ ನಡೆಯಿತು. ಆಮೇಲೊಂದು ದಿನ, ಮಾಸ್ತರರು ಆಸ್ಪತ್ರೆಯಲ್ಲಿದ್ದಾಗ, ಯಾರೋ ಕಳಿಸಿದ ತಿದ್ದುಪಡಿಯನ್ನು ಅವಳು ಅವಸರದಲ್ಲಿ ಒಪ್ಪಿದಳು. ಎರಡು ದಿನ ಓದಕ್ಕ ಅಂಕಿಗಳನ್ನೆಲ್ಲ ಬಿಟ್ಟು ಓದಿತು. ಇರ್ಫಾನ ಎಂಬವನ ಇಂಟರ್ವ್ಯೂ ಪತ್ರದಲ್ಲಿ ತಾರೀಖು, ಗಂಟೆ ಎರಡೂ ಕೇಳಿಸಲಿಲ್ಲ. ಅವನು ಅಂದಾಜಿನ ಮೇಲೆ ಹೋದಾಗ ಒಂದು ದಿನ ತಡವಾಗಿತ್ತು. ಇಂಟರ್ವ್ಯೂ ಮುಗಿದಿತ್ತು.

ಮಾಸ್ತರರು ಎಲ್ಲರಿಗೂ ಕ್ಷಮೆ ಕೇಳಿ ಪತ್ರ ಬರೆದರು. ಅದರಲ್ಲಿ ಅವಳ ಹೆಸರಿರಲಿಲ್ಲ. ನನ್ನನ್ನು ತೆಗೆದುಬಿಡಿ ಎಂದು ಅವಳು ಬೇಡಿದಾಗ, ವಾದಿಸದೆ ತೆಗೆದರು. ಮುಂದಿನ ಗುರುವಾರ ಮತ್ತೆ ಕರೆ ಕಳಿಸಿದರು. ಅವಳು ಒಪ್ಪಲಿಲ್ಲ, ಅದು ಅಳಿಯಿತು. ಮತ್ತೆ ಕಳಿಸಿದರು. ಆರು ತಿಂಗಳು ಒಂದು ಗುರುವಾರವೂ ತಪ್ಪಲಿಲ್ಲ.

*

ಮಧ್ಯಾಹ್ನ ಕೋಲು ಕುಟ್ಟುತ್ತ ಒಬ್ಬ ಬಂದ. ಕಟ್ಟೆಯ ಬಳಿ ನಿಂತು, "ಮಾಸ್ತರರ ಮನಿ ಇದ ಏನ್ರಿ?" ಎಂದ.

"ಇದ ನೋಡಪ್ಪಾ. ಮೆಟ್ಲ ಎರಡ ಅದಾವ, ಸಾವಕಾಶ ಬಾ," ಎಂದರು ನೀಲಾಬಾಯಿ.

ಅವನು ಅಲ್ಲಿಯೇ ನಿಂತುಬಿಟ್ಟ. "ನೀವು ಓದಕ್ಕ ಅಲ್ರಿ? ದಿನಾ ನಿಮ್ಮ ದನೀ ಕೇಳಿ ಏಳತೇನ್ರಿ. ನಾ ಇರ್ಫಾನ, ಗೋಳಗುಮ್ಮಟದ ಮುಂದ ಅಣ್ಣನ ಅಂಗಡ್ಯಾಗ ಟೊಪಗಿ ಮಾರತೇನಿ."

ನೀಲಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಗ ಅತ್ತರು.

ಸಮ್ರೀನ ಅವನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಕೂರಿಸಿದ ಮೇಲೆ ಮೆಲ್ಲಗೆ ಹೇಳಿದಳು, "ನಿಮ್ಮ ಇಂಟರ್ವ್ಯೂ ತಪ್ಪಿದ್ದು ನನ್ನಿಂದ್ರಿ. ಮಾಸ್ತರರದಲ್ಲ."

"ಗೊತ್ತೈತ್ರಿ. ಮಾಸ್ತರರು ತಪ್ಪ ನಂದು ಅಂತ ಫೋನ್ ಮಾಡಿದ್ರು. ಸುಳ್ಳ ಹೇಳಾಕ ಬರತಿರಲಿಲ್ಲ ಅವರಿಗಿ, ದನಿ ನಡಗತಿತ್ತು. ಅವರ ಬಿಟ್ರ ಈ ಕೆಲಸದಾಗ ಇದ್ದವರು ನೀವ ಒಬ್ಬರ." ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. "ನಿಮ್ಮ ಮ್ಯಾಲ ಭಾಳ ಸಿಟ್ಟಿತ್ರಿ. ಇನ್ನೂ ಒಂಚೂರ ಐತಿ."

"ಇರಲಿ ಬಿಡ್ರಿ."

"ಆದ್ರ ಮೊನ್ನಿಂದ ಓದಕ್ಕ ಊರಿನ ಹೆಸರ ಅರ್ಧಾ ನುಂಗಾಕತ್ತಾಳ. ಹೊನವಾಡದ ಬಸ್ಸಿಗಿ 'ಹೊನ' ಅಂತ ಹೇಳಿ ಸುಮ್ಮನಾಗತಾಳ. ಇನ್ನ ಯಾರಿಗಿ ಬರೀಲ್ರಿ ನಾ?"

ಸಮ್ರೀನ ಫೋನಿನಲ್ಲಿ ಗಂಟೆ ನೋಡಿದಳು.

ಮೂರು ಗಂಟೆಗೆ ಭಜನೆಯೊಂದಿಗೆ ಮಾಸ್ತರರು ಹೊಲಕ್ಕೆ ಹೊರಟರು. ಅವರನ್ನು ಕೂರಿಸಿದ ಗುಂಡಿಯೊಳಗೆ ಎಲ್ಲರೂ ಬಿಲ್ವಪತ್ರಿ ಹಾಕುತ್ತಿದ್ದರು. ಹಿಂದೆ ನಿಂತಿದ್ದ ಸಮ್ರೀನಳ ಅಂಗೈಗೆ ಅಕ್ಕನಾಗಮ್ಮ ಒಂದು ಎಲೆ ತುರುಕಿದಳು.

"ನೀನೂ ಹಾಕವ್ವಾ. ಪ್ರತಿ ಗುರುವಾರ ಆ ಪೆಟಗಿ ಮುಂದ ಕುಂತು, 'ಇವತ್ತ ಬರತಾಳ' ಅಂತಿದ್ದ. ಯಾರ ಅಂತ ನಾ ಕೇಳಲೇ ಇಲ್ಲ."

ಎಲೆ ಮಾಸ್ತರರ ಮಡಿಲಲ್ಲಿ ಬಿತ್ತು. ಮೇಲೆ ಮಣ್ಣು ಬಿತ್ತು.

*

ಮನೆಗೆ ಮರಳಿದಾಗ ಐದು ದಾಟಿತ್ತು. ಸಮ್ರೀನ ಟೈಪ್‌ರೈಟರಿನ ಪಕ್ಕ ಕೂತು ಫೋನು ತೆರೆದಳು. ಈ ಕರೆ ಅಳಿದರೆ ಮತ್ತೆ ಕಳಿಸುವವರು ಇಲ್ಲ. ಬೆರಳು ತಡೆಯಿತು. ಹೊರಗೆ ಕಟ್ಟೆಯ ಮೇಲೆ ಇರ್ಫಾನನ ಫೋನು ಬಸ್ಸಿನ ವೇಳಾಪಟ್ಟಿ ಓದುತ್ತಿತ್ತು. "ಹೊನ," ಎಂದಿತು ನೀಲಾಬಾಯಿಯವರ ದನಿ, ಮತ್ತೆ ನಿಂತಿತು.

ಅವಳು ಒಪ್ಪಿಗೆ ಒತ್ತಿದಳು.

ಕೋಡ್ ಮುಟ್ಟಲಿಲ್ಲ. ಮೊದಲು ಪತ್ರಗಳನ್ನು ತೆರೆದಳು. ಉತ್ತರವಿಲ್ಲದವು ಹನ್ನೊಂದಿದ್ದವು. "ಇರ್ಫಾನ ಅವರೇ, ಊರಿನ ಹೆಸರು ಪೂರ್ತಿ ಓದದಿರುವುದನ್ನು ನೋಡುತ್ತಿದ್ದೇನೆ," ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿದಳು. ಆಮೇಲೆ ಅಕ್ಷರಗಳೆಲ್ಲ ಕಲಸಿಹೋದವು. ಕಣ್ಣೊರೆಸಿಕೊಂಡರೂ ಮತ್ತೆ ತುಂಬಿದವು.

ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯವರು ರೊಟ್ಟಿ ಬುಟ್ಟಿ ಇಟ್ಟು ಹೋಗಿದ್ದರು. ನೀಲಾಬಾಯಿ ಒಂದು ತಾಟು ತಂದು ಅವಳ ತೊಡೆಯ ಮೇಲಿಟ್ಟರು. ಅವಳ ಬೆರಳು ಹಿಡಿದು ಮೊದಲು ರೊಟ್ಟಿಗೆ, ಆಮೇಲೆ ಪಲ್ಯಕ್ಕೆ ಮುಟ್ಟಿಸಿದರು.